ಡಿಗ್ರಾಸಿ ಲೇಖನ ಜೀರ್ಣೋದ್ಧಾರ ಮೀಮಾಂಸೆ

ಲೇಖನ ಜೀರ್ಣೋದ್ಧಾರವೆಂದರೆ, ಯಾರೂ ಕೇಳದಿದ್ದಾಗ ಬರೆದದ್ದನ್ನು, ಯಾರೂ ದೂರದಿದ್ದಾಗ ಕೆಡವಿ, ಯಾರೂ ನೋಡದಿದ್ದಾಗ ಮತ್ತೆ ಕಟ್ಟುವ ಕ್ರಿಯೆ. ಗುಡಿಯ ಜೀರ್ಣೋದ್ಧಾರಕ್ಕೂ ಇದಕ್ಕೂ ವಿಧಿಯಲ್ಲಿ ಹೆಚ್ಚಿನ ಭೇದವಿಲ್ಲ. ಅಲ್ಲಿ ದಾನಿಗಳ ಹೆಸರನ್ನು ಬಾಗಿಲ ಪಕ್ಕದ ಕಲ್ಲಿನಲ್ಲಿ ಕೆತ್ತಿಸುತ್ತಾರೆ, ಇಲ್ಲಿ ‘ಇತಿಹಾಸ’ ಎಂಬ ಹಿಂಬದಿಯ ಪುಟದಲ್ಲಿ ಗಂಟೆ ನಿಮಿಷಗಳ ಸಮೇತ ದಾಖಲಿಸುತ್ತಾರೆ. ಪ್ರಸ್ತುತ ಗ್ರಂಥವು ಈ ಶಾಸ್ತ್ರವನ್ನು ಒಂದೇ ಉದಾಹರಣೆಯಿಂದ ವಿವರಿಸುತ್ತದೆ: ಕೆನಡಾದ ಹದಿಹರೆಯದವರ ಧಾರಾವಾಹಿ ‘ಡಿಗ್ರಾಸಿ: ದಿ ನೆಕ್ಸ್ಟ್ ಜನರೇಷನ್’ ಕುರಿತ ಇಂಗ್ಲಿಷ್ ವಿಕಿಪೀಡಿಯದ ಲೇಖನ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಬೇಕು. ವಿಷಯ, ಮೇಲೆ ಹೇಳಿದ ಲೇಖನ. ಪ್ರಯೋಜನ, ಪುಟದ ಬಲಮೂಲೆಯಲ್ಲಿ ಮೂಡುವ, ಕಾಳುಮೆಣಸಿಗಿಂತ ಹೆಚ್ಚು ದೊಡ್ಡದಲ್ಲದ ಕಂಚಿನ ಬಣ್ಣದ ನಕ್ಷತ್ರ. ಅಧಿಕಾರಿ, ಅಂದರೆ ಈ ಕೆಲಸಕ್ಕೆ ಅರ್ಹನಾದವನು, ಇಂಟರ್‌ನೆಟ್ ಸಂಪರ್ಕವೂ ನಿದ್ರಾಹೀನತೆಯೂ ಉಳ್ಳ ಯಾವನೇ ಆಗಬಹುದು. ನಾಲ್ಕನೆಯದು ಸಂಬಂಧ. ಅಧಿಕಾರಿಗೂ ವಿಷಯಕ್ಕೂ ಯಾವ ಸಂಬಂಧವೂ ಇರಕೂಡದು. ಇದ್ದರೆ ಅದಕ್ಕೆ ಹಿತಾಸಕ್ತಿ ಸಂಘರ್ಷ ಎಂದು ಹೆಸರು.

ಲೇಖನದ ವಸ್ತುವಿನ ವಂಶಾವಳಿ ಹೀಗಿದೆ. ಟೊರಾಂಟೊ ನಗರದ ಪೂರ್ವಭಾಗದಲ್ಲಿ ಡಿ ಗ್ರಾಸಿ ಎಂಬ ಬೀದಿಯೊಂದು ನಿಜವಾಗಿಯೂ ಇದೆ. ಇಟಲಿ ಮೂಲದ ಸೇನಾಧಿಕಾರಿಯೊಬ್ಬನ ಮನೆತನದಿಂದ ಬಂದ ಹೆಸರು ಅದು. ಬೀದಿಯ ಹೆಸರಿನಲ್ಲಿ ‘ಡಿ’ಗೂ ‘ಗ್ರಾಸಿ’ಗೂ ನಡುವೆ ತೆರಪಿದೆ, ಧಾರಾವಾಹಿಯ ಹೆಸರಿನಲ್ಲಿ ಇಲ್ಲ. ಈ ತೆರಪು ಮುಂದೆ ಮತ್ತೆ ಬರುತ್ತದೆ. ಲಿಂಡಾ ಸ್ಕೈಲರ್ ಮತ್ತು ಕಿಟ್ ಹುಡ್ 1979ರಲ್ಲಿ ಆ ಬೀದಿಯ ಮಕ್ಕಳ ಕಥೆಗಳಿಂದ ಆರಂಭಿಸಿದರು. 1987ರಲ್ಲಿ ‘ಡಿಗ್ರಾಸಿ ಜೂನಿಯರ್ ಹೈ’, 1989ರಲ್ಲಿ ‘ಡಿಗ್ರಾಸಿ ಹೈ’ ಬಂದವು. ಪಾತ್ರಗಳ ವಯಸ್ಸಿನವರನ್ನೇ ನಟರಾಗಿ ಆರಿಸುವುದು ಇವರ ಪದ್ಧತಿ. ಮೂವತ್ತರ ಗಂಡಸಿಗೆ ಗಡ್ಡ ಬೋಳಿಸಿ ಹದಿನೈದರ ಹುಡುಗನೆಂದು ತರಗತಿಯಲ್ಲಿ ಕೂರಿಸುವ ಅಮೆರಿಕದ ಸಂಪ್ರದಾಯಕ್ಕೆ ಇದು ವಿರುದ್ಧ. ಡಿಗ್ರಾಸಿಯಲ್ಲಿ ಮೊಡವೆಗೆ ಮೇಕಪ್ ಬೇಕಿರಲಿಲ್ಲ.

ಜೂನಿಯರ್ ಹೈ ಕಥೆಯಲ್ಲಿ ಹದಿನಾಲ್ಕರ ಹುಡುಗಿ ಸ್ಪೈಕ್ ಬಸುರಿಯಾಗಿ ಎಮ್ಮಾ ಎಂಬ ಮಗುವನ್ನು ಹೆತ್ತಳು. ಧಾರಾವಾಹಿ ಮುಗಿದು ವರ್ಷಗಳು ಉರುಳಿದ ಮೇಲೆ ಚಿತ್ರಕಥೆಗಾರ ಯಾನ್ ಮೂರ್ ಒಂದು ಲೆಕ್ಕ ಹಾಕಿದರು. ಆ ಮಗು ಬದುಕಿದ್ದರೆ, ಕಾಲ್ಪನಿಕ ಮಕ್ಕಳು ಸಾಮಾನ್ಯವಾಗಿ ಬದುಕಿಯೇ ಇರುತ್ತಾರಾದ್ದರಿಂದ, ಹೊಸ ಶತಮಾನದ ಹೊತ್ತಿಗೆ ಅದೇ ಶಾಲೆಯ ಮೆಟ್ಟಿಲು ಹತ್ತುವ ವಯಸ್ಸಿನದಾಗಿರುತ್ತದೆ. ಈ ಒಂದು ಸಂಕಲನದಿಂದ ಹೊಸ ಧಾರಾವಾಹಿ ಹುಟ್ಟಿತು. 2001ರ ಅಕ್ಟೋಬರ್ 14ರಂದು ಸಿಟಿವಿ ವಾಹಿನಿಯಲ್ಲಿ ಅದರ ಮೊದಲ ಪ್ರಸಾರ. 2015ರಲ್ಲಿ ನಿಲ್ಲುವ ಹೊತ್ತಿಗೆ ಹದಿನಾಲ್ಕು ಋತುಗಳು, 385 ಸಂಚಿಕೆಗಳು ಆಗಿದ್ದವು. ಜಾಹೀರಾತು ಕಳೆದು ಸಂಚಿಕೆಗೆ 22 ನಿಮಿಷ ಹಿಡಿದರೆ ಸುಮಾರು 141 ಗಂಟೆ, ಅಂದರೆ ಊಟ ನಿದ್ರೆ ಬಿಟ್ಟು ನೋಡಿದರೂ ಆರು ದಿನಕ್ಕೆ ಸ್ವಲ್ಪ ಕಡಿಮೆ.

ವಿಕಿಪೀಡಿಯ ಹುಟ್ಟಿದ್ದು ಅದೇ 2001ರ ಜನವರಿ 15ರಂದು. ಅಲ್ಲಿಂದ ಧಾರಾವಾಹಿಯ ಮೊದಲ ಸಂಚಿಕೆಗೆ ಒಂಬತ್ತು ತಿಂಗಳು ತುಂಬಲು ಒಂದೇ ದಿನ ಬಾಕಿ. ಬಸಿರಿನಿಂದಲೇ ಕಥೆ ಬೆಳೆಸಿಕೊಂಡ ಧಾರಾವಾಹಿಯ ವಿಷಯದಲ್ಲಿ ಇದನ್ನು ಕಾಕತಾಳೀಯವೆಂದು ಒಪ್ಪಲು ಯಾವ ಜ್ಯೋತಿಷಿಯೂ ಸಿದ್ಧನಾಗಲಾರ. ಆದರೆ ಈ ಶೋಧವನ್ನು ಲೇಖನದಲ್ಲಿ ಸೇರಿಸುವಂತಿಲ್ಲ. ಏಕೆ ಸೇರಿಸುವಂತಿಲ್ಲ ಎಂಬುದೇ ಈ ಶಾಸ್ತ್ರದ ಹೃದಯಭಾಗ.

ಪ್ರಮಾಣಗಳ ವಿಚಾರದಲ್ಲಿ ವಿಕಿಪೀಡಿಯ ದರ್ಶನವು ಭರತಖಂಡದ ಯಾವ ದರ್ಶನಕ್ಕೂ ಹೊಂದುವುದಿಲ್ಲ. ಚಾರ್ವಾಕರು ಪ್ರತ್ಯಕ್ಷವೊಂದೇ ಪ್ರಮಾಣವೆಂದರು. ವಿಕಿಪೀಡಿಯದವರು ಅದನ್ನೇ ಮೊದಲು ಹೊಸ್ತಿಲಾಚೆ ದಬ್ಬಿದರು. ನೈಯಾಯಿಕರಿಗೆ ಅನುಮಾನ ಪ್ರಿಯ. ಹೊಗೆ ಕಂಡಲ್ಲಿ ಬೆಂಕಿ ಇದೆ ಎಂಬುದು ಅವರ ಬಾಳುವೆಯ ಬಂಡವಾಳ. ವಿಕಿಪೀಡಿಯದಲ್ಲಿ ಹೊಗೆಗೊಂದು ಪತ್ರಿಕಾ ವರದಿ, ಬೆಂಕಿಗೆ ಇನ್ನೊಂದು ವರದಿ ಸಿಕ್ಕರೂ ಸಾಲದು. ಎರಡನ್ನೂ ಕೂಡಿಸಿ ಹೇಳಿದ ಮೂರನೆಯ ವರದಿ ಬೇಕು. ಇಲ್ಲದಿದ್ದರೆ ಅದು ಸ್ವಂತ ಸಂಶೋಧನೆ ಎನಿಸಿಕೊಳ್ಳುತ್ತದೆ. ಬೇರೆ ವಿದ್ವತ್ ವಲಯಗಳಲ್ಲಿ ಸ್ವಂತ ಸಂಶೋಧನೆ ಮಾಡಿದವರಿಗೆ ಪದವಿ ಕೊಡುವ ರೂಢಿಯಿದೆ.

ಉಳಿದದ್ದು ಶಬ್ದ ಪ್ರಮಾಣ ಒಂದೇ. ಅದೂ ಆಪ್ತವಾಕ್ಯವಾಗಿರಬೇಕು. ಆಪ್ತರು ಯಾರು? 385 ಸಂಚಿಕೆಗಳನ್ನೂ ಎರಡೆರಡು ಸಲ ನೋಡಿದ ಅಭಿಮಾನಿ ಆಪ್ತನಲ್ಲ. ಆತ ಕಟ್ಟಿದ ಜಾಲತಾಣವೂ ಅಲ್ಲ. ನಟನೇ ಖುದ್ದಾಗಿ ಬಂದು ‘ಆ ದೃಶ್ಯದಲ್ಲಿ ಇದ್ದದ್ದು ನಾನೇ’ ಎಂದು ಸೇರಿಸಿದರೂ, ಅದು ಎಲ್ಲಿಯೂ ಪ್ರಕಟವಾಗಿರದಿದ್ದರೆ ಅವನ ಬೆನ್ನಿಗೇ ಅಳಿಸಲಾಗುತ್ತದೆ. ಒಂದೇ ಒಂದು ಸಂಚಿಕೆಯನ್ನು, ಅದೂ ಗಡುವಿನ ಹಿಂದಿನ ರಾತ್ರಿ ನೋಡಿ ಬರೆದ ಪತ್ರಕರ್ತ ಮಾತ್ರ ಆಪ್ತ. ಹೀಗಾಗಿ ಧಾರಾವಾಹಿಯ ಕುರಿತು ಹೆಚ್ಚು ತಿಳಿದಷ್ಟೂ ಅದರ ಬಗ್ಗೆ ಬರೆಯುವ ಅರ್ಹತೆ ಕಡಿಮೆಯಾಗುತ್ತ ಹೋಗುತ್ತದೆ. ಇದನ್ನು ಈ ಶಾಸ್ತ್ರದ ಮೂಲಸೂತ್ರವೆಂದು ತಿಳಿಯತಕ್ಕದ್ದು.

ಆಪ್ತವಾಕ್ಯದ ಶ್ರೇಷ್ಠ ಉದಾಹರಣೆ 2005ರಲ್ಲಿ ದೊರೆಯಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಭಾನುವಾರದ ಮ್ಯಾಗಝೀನ್ ಡಿಗ್ರಾಸಿಯ ಬಗ್ಗೆ ದೀರ್ಘ ಲೇಖನ ಪ್ರಕಟಿಸಿತು. ಇಂತಹ ಘನಪತ್ರಿಕೆಯ ಮುದ್ರೆ ಬಿದ್ದ ಮೇಲೆ ಅಡಿಟಿಪ್ಪಣಿಗೆ ಕೊರತೆಯಿಲ್ಲ. ತೊಡಕು ಶೀರ್ಷಿಕೆಯಲ್ಲಿತ್ತು. ಅದನ್ನು ಹದಿಹರೆಯದವರು ಮೊಬೈಲಿನಲ್ಲಿ ಕಳಿಸುವ ಸಂದೇಶದ ಧಾಟಿಯಲ್ಲಿ, ಸ್ವರಗಳನ್ನು ನುಂಗಿ ಕಾಗುಣಿತ ಕೆಡಿಸಿ, ಬೇಕೆಂದೇ ಹಾಗೆ ಅಚ್ಚು ಮಾಡಿದ್ದರು. ವೇದಪಾಠದಲ್ಲಿ ಸ್ವರ ತಪ್ಪಬಾರದು. ಅಡಿಟಿಪ್ಪಣಿಯಲ್ಲಿ ತಪ್ಪು ತಪ್ಪಬಾರದು. ಅರೆಬರೆ ತಿಳಿದ ಪರಿಷ್ಕಾರಕನೊಬ್ಬ ಅದನ್ನು ಸರಿಪಡಿಸುತ್ತಾನೆ, ಪೂರ್ತಿ ತಿಳಿದವನು ಮತ್ತೆ ಕೆಡಿಸುತ್ತಾನೆ.

ಶಬ್ದ ಪ್ರಮಾಣಕ್ಕೂ ಒಂದು ರೋಗವಿದೆ. ಗಡುವಿನ ರಾತ್ರಿಯ ಪತ್ರಕರ್ತ ಮಾಹಿತಿ ಹುಡುಕುವುದು ಎಲ್ಲಿ? ವಿಕಿಪೀಡಿಯದಲ್ಲಿ. ಮರುದಿನ ಆತನ ವರದಿ ಅಚ್ಚಾಗುತ್ತದೆ. ಅಲ್ಲಿಯವರೆಗೆ ‘ಆಧಾರ ಬೇಕು’ ಎಂಬ ಹಣೆಪಟ್ಟಿ ಹೊತ್ತು ನಿಂತಿದ್ದ ವಾಕ್ಯಕ್ಕೆ ಅದೇ ವರದಿಯನ್ನು ಆಧಾರವಾಗಿ ಕೊಡಲಾಗುತ್ತದೆ. ತರ್ಕಶಾಸ್ತ್ರ ಇದನ್ನು ಅನ್ಯೋನ್ಯಾಶ್ರಯ ದೋಷವೆಂದು ಕರೆದು ಹೊರಗಿಟ್ಟಿತ್ತು. ವಿಶ್ವಕೋಶದಲ್ಲಿ ಇದು ಬಯಲಿಗೆ ಬರುವವರೆಗೂ ಉಲ್ಲೇಖ ಸಂಖ್ಯೆ 47 ಎಂಬ ಹೆಸರಿನಲ್ಲಿ ಗೌರವವಾಗಿ ಬಾಳುತ್ತದೆ.

ಪ್ರತ್ಯಕ್ಷಕ್ಕೆ ಪೂರ್ತಿ ಬಾಗಿಲು ಮುಚ್ಚಿದೆ ಎನ್ನುವುದೂ ಸರಿಯಲ್ಲ. ಕಥಾಸಾರ ಎಂಬ ಒಂದು ವಿಭಾಗಕ್ಕೆ ಅಡಿಟಿಪ್ಪಣಿ ಕಡ್ಡಾಯವಲ್ಲ, ಕೃತಿಯೇ ಅಲ್ಲಿ ಸಾಕ್ಷಿ. ಆದರೆ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. 2004ರಲ್ಲಿ ಪ್ರಸಾರವಾದ ನಾಲ್ಕನೆಯ ಋತುವಿನಲ್ಲಿ, ಸಹಪಾಠಿಗಳ ಕಾಟಕ್ಕೆ ಸಿಕ್ಕಿ ಬೆಂದ ರಿಕ್ ಎಂಬ ಹುಡುಗ ಶಾಲೆಗೆ ಪಿಸ್ತೂಲು ತಂದು ಜಿಮ್ಮಿ ಬ್ರೂಕ್ಸ್‌ನ ಬೆನ್ನಿಗೆ ಗುಂಡು ಹಾರಿಸುತ್ತಾನೆ. ಜಿಮ್ಮಿ ಆಮೇಲೆ ಗಾಲಿಕುರ್ಚಿಯಲ್ಲಿ ಓಡಾಡುತ್ತಾನೆ. ಇಷ್ಟು ಬರೆಯಬಹುದು. ಜಿಮ್ಮಿಗೆ ದುಃಖವಾಯಿತು ಎಂದು ಬರೆಯಬೇಕಾದರೆ ಅವನು ಅಳಬೇಕು, ಇಲ್ಲವೇ ಬಾಯಿಬಿಟ್ಟು ಹೇಳಬೇಕು. ಇನ್ನು ಕಾಲದ ವಿಚಾರ. ಕಲ್ಪಿತ ಘಟನೆಗಳನ್ನು ಸದಾ ವರ್ತಮಾನದಲ್ಲೇ ಹೇಳಬೇಕೆಂಬುದು ನಿಯಮ. ಆದುದರಿಂದ ಲೇಖನದಲ್ಲಿ ರಿಕ್ ಇಂದಿಗೂ ಗುಂಡು ಹಾರಿಸುತ್ತಿದ್ದಾನೆ, ಜಿಮ್ಮಿ ಇಂದಿಗೂ ಬೀಳುತ್ತಿದ್ದಾನೆ. ಮಕ್ಕಳು ನಿಜವಾಗಿ ಬೆಳೆಯುತ್ತಾರೆ ಎಂಬುದೇ ಹೆಗ್ಗಳಿಕೆಯಾದ ಧಾರಾವಾಹಿಯೊಂದು, ಯಾರೂ ಒಂದು ದಿನವೂ ಬೆಳೆಯದ ಕಾಲದಲ್ಲಿ ಹೀಗೆ ಶಾಶ್ವತವಾಗಿ ನೆಲೆಸಿದೆ.

ಜಿಮ್ಮಿಯಾಗಿ ನಟಿಸಿದ ಆಬ್ರಿ ಗ್ರಹಾಂ ಮುಂದೆ ಡ್ರೇಕ್ ಎಂಬ ಹೆಸರಿನಲ್ಲಿ ಜಗತ್ಪ್ರಸಿದ್ಧ ರ್‍ಯಾಪ್ ಗಾಯಕನಾದದ್ದು ಲೇಖನಕ್ಕೆ ಒದಗಿದ ದೊಡ್ಡ ವಿಪತ್ತು. ಎಲ್ಲ ವಾಕ್ಯಗಳಲ್ಲೂ ಆತನನ್ನು ತುರುಕುವ ಭಕ್ತರು ಒಂದು ಕಡೆ. ಶೀರ್ಷಿಕೆ ಪಟ್ಟಿಯಲ್ಲಿ ಇದ್ದದ್ದು ಆಬ್ರಿ ಗ್ರಹಾಂ ಎಂಬ ಹೆಸರೇ ಆದ್ದರಿಂದ ಅದನ್ನೇ ಇಡಬೇಕೆನ್ನುವ ಪಾಠಶುದ್ಧಿವಾದಿಗಳು ಇನ್ನೊಂದು ಕಡೆ. 2018ರಲ್ಲಿ ಆತ ತನ್ನ ‘ಐಮ್ ಅಪ್‌ಸೆಟ್’ ಹಾಡಿನ ವಿಡಿಯೊಗಾಗಿ ಹಳೆಯ ಸಹನಟರಲ್ಲಿ ಹಲವರನ್ನು ಶಾಲೆಯ ಪುನರ್ಮಿಲನವೆಂದು ಒಟ್ಟುಗೂಡಿಸಿದಾಗ, ಇದು ಧಾರಾವಾಹಿಯ ಇತಿಹಾಸವೋ ಗಾಯಕನ ಇತಿಹಾಸವೋ ಎಂಬ ಹೊಸ ಪ್ರಶ್ನೆ ಹುಟ್ಟಿತು. ಎರಡೂ ಎಂದು ಉತ್ತರಿಸುವವರನ್ನು ಇಂತಹ ಚರ್ಚೆಗಳಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ದಿನಾಂಕಗಳೂ ನಿರುಪದ್ರವಿಗಳಲ್ಲ. ಮ್ಯಾನಿ ಎಂಬ ಹುಡುಗಿ ಗರ್ಭಪಾತ ಮಾಡಿಸಿಕೊಳ್ಳುವ ಎರಡು ಭಾಗದ ಕಥೆ ಕೆನಡಾದಲ್ಲಿ 2004ರ ಆರಂಭದಲ್ಲೇ ಪ್ರಸಾರವಾಯಿತು. ಅಮೆರಿಕದ ದಿ ಎನ್ ವಾಹಿನಿ ಅದನ್ನು ತಡೆಹಿಡಿದು, 2006ರಲ್ಲಿ ತೋರಿಸಿತು. ಆ ಎರಡು ವರ್ಷ ಅಮೆರಿಕದ ಪ್ರೇಕ್ಷಕರ ಪಾಲಿಗೆ ಮ್ಯಾನಿ ಒಂದು ವಾರ ಬಸುರಿ, ಮುಂದಿನ ವಾರ ಏನೂ ಆಗಿಲ್ಲ. ಲೇಖನದ ಈ ಭಾಗವನ್ನು ಅಣಕಿಸಲು ಶಾಸ್ತ್ರಕಾರನಿಗೂ ಮನಸ್ಸು ಬರುವುದಿಲ್ಲ. ಯಾವ ದೇಶ ಯಾವಾಗ ಏನನ್ನು ಮುಚ್ಚಿಟ್ಟಿತು ಎಂಬುದನ್ನು ನೆಟ್ಟಗೆ ಎರಡು ಸಾಲಿನಲ್ಲಿ, ಆಧಾರ ಸಮೇತ ಹೇಳಲು ಇಷ್ಟೆಲ್ಲ ಕಟ್ಟುಪಾಡು ಬೇಕಾಗುತ್ತದೆ.

ಭಾಷೆ ಕೆನಡಾದ ಇಂಗ್ಲಿಷೇ ಆಗಿರಬೇಕು. ಹಾಗೆಂದರೆ ‘ಕಲರ್’ ಪದದಲ್ಲಿ ಬ್ರಿಟಿಷರ ಯು ಇರಬೇಕು, ‘ರಿಯಲೈಸ್’ ಪದದಲ್ಲಿ ಅಮೆರಿಕನ್ನರ ಜೆಡ್ ಇರಬೇಕು, ಆದರೆ ಆ ಅಕ್ಷರವನ್ನು ಅಮೆರಿಕನ್ನರಂತೆ ‘ಜೀ’ ಎನ್ನದೆ ಬ್ರಿಟಿಷರಂತೆ ‘ಜೆಡ್’ ಎಂದೇ ಉಚ್ಚರಿಸಬೇಕು. ಲೇಖನವನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲವಾದ್ದರಿಂದ ಕೊನೆಯ ನಿಯಮದ ಪಾಲನೆಯನ್ನು ಪರಿಷ್ಕಾರಕನ ಆತ್ಮಸಾಕ್ಷಿಗೆ ಬಿಡಲಾಗಿದೆ. ಹೊಗಳಿಕೆಯ ವಿಶೇಷಣಗಳಿಗೆ ಅಲ್ಲಿ ನವಿಲುಪದಗಳೆಂದು ಹೆಸರು. ‘ಮನಮುಟ್ಟುವ’, ‘ದಿಟ್ಟ’, ‘ಅಪೂರ್ವ’ ಎಂಬ ಗರಿಗಳನ್ನೆಲ್ಲ ಕಿತ್ತ ಮೇಲೆ ಉಳಿಯುವ ಹಕ್ಕಿಯೇ ತಟಸ್ಥ ಶೈಲಿ. ‘ಹಲವರು ಮೆಚ್ಚಿದರು’ ಎಂದರೆ ‘ಯಾರು?’ ಎಂಬ ಪುಟ್ಟ ಪ್ರಶ್ನೆ ನೆತ್ತಿಯ ಮೇಲೆ ಕೂರುತ್ತದೆ. ಪ್ರಶಸ್ತಿಗಳ ಭಾಗದಲ್ಲಿ ಮಾತ್ರ ನೆಮ್ಮದಿ. ಲಿಂಗ ಪರಿವರ್ತಿತ ಹುಡುಗ ಆ್ಯಡಮ್‌ನ ಕಥೆಗೆ ಪೀಬಡಿ ಪ್ರಶಸ್ತಿ ಬಂದಿದೆ, ಅಷ್ಟೇ. ಅಲ್ಲಿ ಯಾರೂ ‘ಯಾರು?’ ಎನ್ನುವುದಿಲ್ಲ.

ಪರಿಷ್ಕಾರಕರಲ್ಲಿ ಉಳಿಸುವಾದಿಗಳು, ಅಳಿಸುವಾದಿಗಳು ಎಂಬ ಎರಡು ಮತಗಳಿವೆ. ಒಂದೊಂದು ಸಂಚಿಕೆಗೂ ಒಂದೊಂದು ಲೇಖನವಿರಲಿ, ಕಾಗದ ಖರ್ಚಾಗುವುದಿಲ್ಲವಲ್ಲ ಎಂಬುದು ಮೊದಲನೆಯವರ ಮತ. ಹೊರಗಿನ ಆಪ್ತರು ಬರೆಯದ ಯಾವುದಕ್ಕೂ ಅಸ್ತಿತ್ವವಿಲ್ಲ ಎಂಬುದು ಎರಡನೆಯವರದು. 2007–08ರಲ್ಲಿ ಟಿವಿ ಸಂಚಿಕೆ ಮತ್ತು ಪಾತ್ರಗಳ ಲೇಖನಗಳ ಮೇಲಿನ ಈ ವ್ಯಾಜ್ಯ ಇಂಗ್ಲಿಷ್ ವಿಕಿಪೀಡಿಯದ ಪಂಚಾಯ್ತಿ ಸಮಿತಿಯ ಕಟಕಟೆ ಹತ್ತಿತು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಇಪ್ಪತ್ತನಾಲ್ಕು ಗಂಟೆಯಲ್ಲಿ ಮೂರು ಸಲಕ್ಕಿಂತ ಹೆಚ್ಚು ರದ್ದುಮಾಡಬಾರದೆಂಬ ಧರ್ಮಯುದ್ಧದ ನಿಯಮವೂ ಇದೆ. ಮಹಾಭಾರತದ ಯೋಧರು ಸೂರ್ಯಾಸ್ತಕ್ಕೆ ಕಾಯುತ್ತಿದ್ದರು, ಇವರು ಇಪ್ಪತ್ತೈದನೆಯ ಗಂಟೆಗೆ ಕಾಯುತ್ತಾರೆ.

ಇಂತಹ ಜಗಳಗಳ ಸಾರ್ವಜನಿಕ ಅಂಗಳಕ್ಕೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಹಳ್ಳಿಯ ನೀರಿನ ಪಂಪಿನ ಹೆಸರಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಅದಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರು. ಕನ್ನಡದ ಹೆಸರೇ ಹೆಚ್ಚು ಪ್ರಾಮಾಣಿಕ. ಪಂಪಿನ ಬಳಿಗೆ ಬಂದವರು ನೀರಿಗೆಂದು ಬಂದೆವೆನ್ನಬಹುದು. ಅರಳಿ ಕಟ್ಟೆಗೆ ಬಂದವರಿಗೆ ಆ ನೆಪವೂ ಇಲ್ಲ.

ಪರಿಷ್ಕರಣ ಮುಗಿದ ಲೇಖನ ದರ್ಜೆಗಳ ಏಣಿ ಹತ್ತಬೇಕು. ಬುಡದಲ್ಲಿ ಚುಟುಕು, ಮೇಲೆ ಆರಂಭಿಕ, ಅದರ ಮೇಲೆ ಸಿ, ಆಮೇಲೆ ಬಿ. ಬಿ ಆದ ಮೇಲೆ ಎ ಬರುತ್ತದೆಂದು ಶಾಲೆ ಕಲಿತವರು ಭಾವಿಸುವುದು ಸಹಜ. ಆದರೆ ನಡುವೆ ‘ಒಳ್ಳೆಯ ಲೇಖನ’ ಎಂಬ ಮೆಟ್ಟಿಲೊಂದಿದೆ. ಅದರ ಮೇಲಿನ ಎ ಮೆಟ್ಟಿಲನ್ನು ಹೆಚ್ಚಿನವರು ತುಳಿಯುವುದೇ ಇಲ್ಲ, ನೇರ ನಕ್ಷತ್ರಕ್ಕೆ ನೆಗೆಯುತ್ತಾರೆ. ಒಳ್ಳೆಯದೆನಿಸಿಕೊಳ್ಳಲು ಒಬ್ಬ ಪರೀಕ್ಷಕ ಒಪ್ಪಿದರೆ ಸಾಕು. ನಕ್ಷತ್ರಕ್ಕೆ ವಾರಗಟ್ಟಲೆ ಬಹಿರಂಗ ವಿಚಾರಣೆಯಾಗಬೇಕು. ಅಲ್ಲಿ ‘2001–2015’ ಎಂಬಲ್ಲಿರುವುದು ಗಿಡ್ಡ ಗೆರೆಯೋ ಉದ್ದ ಗೆರೆಯೋ ಎಂದು ಭೂತಗನ್ನಡಿ ಹಿಡಿದು ನೋಡುವವರಿದ್ದಾರೆ. 2010ರಲ್ಲಿ ಹತ್ತನೆಯ ಋತುವಿನಿಂದ ಧಾರಾವಾಹಿ ‘ದಿ ನೆಕ್ಸ್ಟ್ ಜನರೇಷನ್’ ಎಂಬ ಬಾಲವನ್ನು ಕತ್ತರಿಸಿಕೊಂಡು ಬರೀ ‘ಡಿಗ್ರಾಸಿ’ ಆದದ್ದರಿಂದ, ಲೇಖನದ ಹೆಸರನ್ನೂ ಕತ್ತರಿಸಬೇಕೇ ಎಂಬ ಪ್ರಶ್ನೆ ಇಂತಹ ಸಭೆಯಲ್ಲಿ ತಪ್ಪುವುದಿಲ್ಲ.

ನಕ್ಷತ್ರ ಪಡೆದ ಲೇಖನಕ್ಕೆ ಅದೃಷ್ಟವಿದ್ದರೆ ಒಂದು ದಿನದ ಮಟ್ಟಿಗೆ ಮುಖಪುಟದ ಪಟ್ಟ ಸಿಗುತ್ತದೆ. ಆ ದಿನ ಬರುವ ಓದುಗರಲ್ಲಿ ಅದೇ ಹದಿಹರೆಯದ ಶಾಲಾಮಕ್ಕಳೂ ಇರುತ್ತಾರೆ. ಅವರು ಕಥಾಸಾರದ ನಡುವೆ ತಮ್ಮ ಗಣಿತದ ಮೇಷ್ಟ್ರ ಹೆಸರು ಬರೆದು ಹೋಗುತ್ತಾರೆ. ಹಾಳುಗೆಡವುವುದನ್ನು ಕಾಯಲೆಂದೇ ಇರುವ ಯಂತ್ರ ಅದನ್ನು ಕ್ಷಣಗಳಲ್ಲಿ ಅಳಿಸುತ್ತದೆ. ಸಂಜೆಯ ಹೊತ್ತಿಗೆ ಪಟ್ಟ ಇಳಿದು ಸದ್ದಡಗುತ್ತದೆ. ಮರುದಿನ ಬೆಳಿಗ್ಗೆ, ಟೊರಾಂಟೊದ ಬೀದಿಫಲಕವನ್ನು ಕಣ್ಣಾರೆ ಕಂಡ ಯಾರೋ ಒಬ್ಬರು, ಲೇಖನದುದ್ದಕ್ಕೂ ‘ಡಿ’ಗೂ ‘ಗ್ರಾಸಿ’ಗೂ ನಡುವೆ ಒಂದು ತೆರಪು ಬಿಟ್ಟು ಹೋಗಿರುತ್ತಾರೆ.