ಬೆಡ್‌ಶೀಟಿನ ಮೇಲೆ ಸುಣ್ಣದ ಕಲೆ

ನಿನ್ನೆ ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದೆ. ಕಾಂಪೌಂಡಿನ ಆಚೆ ಪಕ್ಕದ ಮನೆ ಅಕ್ಕ ಬೆಡ್‌ಶೀಟಿನ ಮೂಲೆ ಎತ್ತಿ ಹಿಡಿದು, “ನೋಡು, ಮೊಲ ಮತ್ತೆ ಉಚ್ಚೆ ಹೊಯ್ದಿದೆ. ಆಪರೇಷನ್ ಮಾಡಿಸಿ 15 ದಿನ ಆಯ್ತು. ಸಾಕಾಯ್ತು ಕಣಮ್ಮ, ಯಾರಿಗಾದ್ರೂ ಕೊಟ್ಟುಬಿಡ್ತೀನಿ” ಅಂದರು.

ಆ ಮಾತು ಕೇಳಿ ಬಟ್ಟೆ ಅಲ್ಲೇ ಬಿಟ್ಟು ಗೋಡೆ ಹತ್ತಿರ ಹೋದೆ.

ಅಂಗೈಯಗಲ ಕಲೆ. ಒಣಗಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ಅದು ಸುಣ್ಣದಂಶವೇ ಹೌದು. ಮೇವಿನಲ್ಲಿ ಹೆಚ್ಚಾದ ಕ್ಯಾಲ್ಸಿಯಂ ಮೊಲಕ್ಕೆ ಮೂತ್ರದಲ್ಲೇ ಹೊರಬರುತ್ತದೆ. ಸೋಪಿಗೆ ಈ ಕಲೆ ಬಗ್ಗುವುದಿಲ್ಲ. ಬಿಳಿ ವಿನೆಗರಿಗೆ ನೀರು ಬೆರೆಸಿ ಸ್ವಲ್ಪ ಹೊತ್ತು ನೆನೆಸಿ ಅಂದೆ. ವಾಸನೆ ಉಳಿದರೆ ಮೊಲ ಅದೇ ಜಾಗಕ್ಕೆ ಮತ್ತೆ ಬರುತ್ತೆ.

“ಅಲ್ಲ, ಬೀಜ ತೆಗೆಸಿದ ಮೇಲೂ ಯಾಕೆ?”

ತೆಗೆಸಿದ ಮರುದಿನವೇ ಚಾಳಿ ಹೋಗುವುದಿಲ್ಲ ಅಕ್ಕ. ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಮ್ಮ ಗಂಡು ಮೊಲ ಬೆಳ್ಳಿಗೆ ಐದನೇ ವಾರ ನಿಂತಿತು. ಅಲ್ಲಿಯವರೆಗೆ ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಸಿ ಕಾದೆವು.

ಈ ಚಾಳಿ ಅದರ ಮೂಲದಿಂದ ಬಂದದ್ದು. ಹೊಲದ ಬದುವಿನಲ್ಲಿ ಓಡುವ ಕಾಡುಮೊಲ ಬೇರೆ, ಮನೆಯ ಮೊಲ ಬೇರೆ. ನಾವು ಎರಡನ್ನೂ ಮೊಲ ಅಂತಲೇ ಕರೆಯುತ್ತೇವೆ. ಕಾಡುಮೊಲ ಬಿಲ ತೋಡುವುದಿಲ್ಲ, ಹೆಚ್ಚಾಗಿ ಒಂಟಿಯಾಗಿಯೇ ಇರುತ್ತದೆ. ಮನೆಯದರ ಮೂಲ ಸ್ಪೇನ್ ಕಡೆಯ ಬಿಲದ ಮೊಲ, ಗುಂಪು ಕಟ್ಟಿ ನೆಲದಡಿ ಬಾಳುವ ಜಾತಿ. ಆ ಕತ್ತಲಲ್ಲಿ ಇದು ನಮ್ಮ ಬಿಲ, ಇವರು ನಮ್ಮವರು ಅಂತ ಗುರುತು ಹಿಡಿಯುವುದು ವಾಸನೆಯಿಂದಲೇ. ಕುರ್ಚಿ ಕಾಲಿಗೆ ಗದ್ದ ಉಜ್ಜುತ್ತದಲ್ಲ, ಗದ್ದದಡಿಯ ಗ್ರಂಥಿಯಿಂದ ಗುರುತು ಹಚ್ಚುವುದು ಅದು. ಮೂಲೆಮೂಲೆಗೂ ನಾಲ್ಕು ಹಿಕ್ಕೆ ಉದುರಿಸುವುದೂ ಅದಕ್ಕೇ. ಹಾಸಿಗೆಯಲ್ಲಿ ನಿಮ್ಮ ವಾಸನೆ ಗಾಢವಾಗಿದೆ. ಅದರ ಪಕ್ಕದಲ್ಲಿ ಮೊಲ ತನ್ನದನ್ನೂ ಇಡುತ್ತಿದೆ. ಇದರಲ್ಲಿ ಹಗೆಯಿಲ್ಲ, ಕೊಳಕುತನವೂ ಇಲ್ಲ.

ಅಕ್ಕ ಆಗ ನೆನಪಿಸಿಕೊಂಡು ಹೇಳಿದರು: ಮಹಡಿ ಮನೆಯವರು ಹೋದ ವಾರ ಹೆಣ್ಣು ಮೊಲ ತಂದಿದ್ದಾರೆ, ಅವರ ಹುಡುಗಿ ಅದನ್ನು ಎತ್ತಿಕೊಂಡು ದಿನಾ ಕೆಳಗೆ ಬರುತ್ತಾಳೆ, ಇದೇ ಹಾಸಿಗೆ ಮೇಲೆ ಕೂರುತ್ತಾಳೆ. ಗಂಟು ಅಲ್ಲೇ ಇದೆ. ಹುಡುಗಿಯ ಫ್ರಾಕಿಗೆ ಅಂಟಿದ ಪರಕೀಯ ವಾಸನೆಯೇ ಸಾಕು. ಎರಡನ್ನೂ ಒಟ್ಟಿಗೆ ಬಿಡಲೇಬೇಡಿ ಅಂತ ಒತ್ತಿ ಹೇಳಿದೆ. ಆಪರೇಷನ್ ಆದ ಗಂಡಿನಿಂದ ಇನ್ನೂ ಕೆಲವು ವಾರ ಬಸಿರಾಗಬಹುದು, ಬಸಿರಾದರೆ ಒಂದೇ ತಿಂಗಳಿಗೆ ಮರಿಗಳು. ಮಹಡಿಯವರಿಗೂ ಹೇಳಿ, ಹೆಣ್ಣಿಗೆ ಈ ಆಪರೇಷನ್ ಇನ್ನೂ ಮುಖ್ಯ. ವಯಸ್ಸಾದಂತೆ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತುಂಬಾ ಕಾಣಿಸುತ್ತದೆ.

ಮೊಲದ ಉಚ್ಚೆ-ಹಿಕ್ಕೆಯ ಟ್ರೇ ಎಲ್ಲಿದೆ ಅಂತ ಕೇಳಿದೆ. ಬಚ್ಚಲ ಹತ್ತಿರ ಅಂದರು, ಹುಲ್ಲು ಮಾತ್ರ ನಡುಮನೆಯಲ್ಲಿ. ಮೊಲಕ್ಕೆ ಮೇಯುವುದೂ ಹಿಕ್ಕೆ ಹಾಕುವುದೂ ಒಂದೇ ಹೊತ್ತಿನ ಕೆಲಸ. ಒಣಹುಲ್ಲನ್ನು ಟ್ರೇಯ ಒಂದು ಬದಿಗೇ ಇಡಬೇಕು, ಉಚ್ಚೆ ಒರೆಸಿದ ಕಾಗದವನ್ನೂ ಅದರಲ್ಲೇ ಹಾಕಬೇಕು. ಬೆಕ್ಕಿಗೆ ಮಾರುವ ಗಟ್ಟಿಕಟ್ಟುವ ಮರಳು ಬೇಡ. ಮೊಲ ತಿಂದರೆ ಕರುಳು ಕಟ್ಟಿಕೊಳ್ಳುತ್ತದೆ.

ಒಂದು ಮಾತು ಮಾತ್ರ ಗೋಡೆಗೆ ಒರಗಿ ನಿಧಾನವಾಗಿ ಹೇಳಿದೆ. ಬೆಳ್ಳಿ ಒಂದು ವರ್ಷ ನೆಟ್ಟಗಿದ್ದು, ಇದ್ದಕ್ಕಿದ್ದಂತೆ ನೆಲದ ಮೇಲೆ ಹೊಯ್ಯತೊಡಗಿದ. ಹಳೇ ಚಾಳಿ ಅಂದುಕೊಂಡು ಎರಡು ದಿನ ಗದರಿದೆ. ಮೂರನೇ ದಿನ ಬಗ್ಗಿ ನೋಡಿದರೆ ಬೆನ್ನು ಬಾಗಿಸಿ ತಿಣುಕುತ್ತಿದ್ದ, ಹಿಂಗಾಲ ನಡುವೆ ರೋಮ ಒದ್ದೆ. ಮೂತ್ರಕೋಶದಲ್ಲಿ ಅದೇ ಸುಣ್ಣ ಕೆಸರಿನಂತೆ ತುಂಬಿತ್ತು. ಗದರಿದ್ದು ಇವತ್ತಿಗೂ ನೋಯುತ್ತದೆ. ಗುರುತು ಹಾಕುವ ಮೊಲ ಅಲ್ಲಲ್ಲಿ ಸ್ವಲ್ಪಸ್ವಲ್ಪ ಚಿಮ್ಮಿಸುತ್ತದೆ, ಉಲ್ಲಾಸವಾಗಿರುತ್ತದೆ. ತಿಣುಕಿದರೆ, ಮಂಕಾದರೆ, ಮೇವು ಬಿಟ್ಟರೆ ಅಂದೇ ಪಶುವೈದ್ಯರ ಹತ್ತಿರ ಹೋಗಬೇಕು. ಅರ್ಧ ದಿನ ಮೇಯದಿದ್ದರೂ ಮೊಲದ ಪ್ರಾಣಕ್ಕೆ ಅಪಾಯ.

ಅಕ್ಕ ಬೆಡ್‌ಶೀಟ್ ಮಡಚಿಕೊಂಡರು. ಇನ್ನೂ ನಾಲ್ಕು ವಾರ ಕಾಯಿರಿ ಅಕ್ಕ, ಕೊಟ್ಟುಬಿಡುವ ಮಾತು ಈಗ ಬೇಡ. ವಿನೆಗರ್ ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಒಂದು ಬಾಟಲಿ ಇದೆ, ಸಂಜೆ ತಂದುಕೊಡುತ್ತೇನೆ.