ಬಾನೆಟ್ ಪಂಡಿತರು

ಪಿರಿಯಾಪಟ್ಟಣದಿಂದ ಬೆಟ್ಟದಪುರದ ಕಡೆಗೆ ಹೋಗುವ ರಸ್ತೆಯಲ್ಲಾಗಲಿ, ಹುಣಸೂರಿನಿಂದ ಕಂಪಲಾಪುರಕ್ಕೆ ಬರುವ ಹೆದ್ದಾರಿಯಲ್ಲಾಗಲಿ, ಯಾವನಾದರೊಬ್ಬ ರೈತನು ತನ್ನ ಟ್ರಾಕ್ಟರನ್ನು ಪಕ್ಕಕ್ಕೆ ನಿಲ್ಲಿಸಿ ಅದರ ಬಾನೆಟ್ಟನ್ನು ಮೇಲಕ್ಕೆತ್ತಿದನೆಂದರೆ, ಎತ್ತಿದ ಕೈಯನ್ನು ಇಳಿಸುವುದಕ್ಕೆ ಮೊದಲೇ ಅವನ ಬೆನ್ನ ಹಿಂದೆ ಮೊಪೆಡ್ಡೊಂದು ನಿಂತ ಸದ್ದಾಗುವುದು. ಆ ಮೊಪೆಡ್ಡಿನಿಂದ ಸಾವಕಾಶವಾಗಿ ಇಳಿದು, ಹೆಗಲ ಟವಲನ್ನು ಒಮ್ಮೆ ಕೊಡವಿ, ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಉಗಿಯಾಡುತ್ತಿರುವ ಆ ಯಂತ್ರದ ಮುಂದೆ ಅತ್ಯಂತ ಸಮಾಧಾನಚಿತ್ತದಿಂದ ನಿಲ್ಲುವ ಮಹನೀಯರೇ ನಮ್ಮ ಬಾನೆಟ್ ಪಂಡಿತರು. ಇವರನ್ನು ಯಾರೂ ಕರೆಸಿರುವುದಿಲ್ಲ. ಕರೆಸುವಷ್ಟು ಅವಕಾಶವನ್ನೇ ಇವರು ಲೋಕಕ್ಕೆ ಕೊಡುವುದಿಲ್ಲ. "ಏನ್ಲಾ, ಹೀಟ್ ಹೊಡೀತಾ ಅದಾ?" ಎಂಬುದು ಇವರ ಪ್ರಥಮ ವಾಕ್ಯ. ರೇಡಿಯೇಟರಿನ ಮುಚ್ಚಳದ ಸಂದಿಯಿಂದ ಆಳೆತ್ತರಕ್ಕೆ ಆವಿಯು ಏಳುತ್ತಿರುವಾಗ ಈ ಪ್ರಶ್ನೆಗೆ ಉತ್ತರ ಬೇಕಾಗಿಲ್ಲವೆಂಬುದು ಅವರಿಗೂ ತಿಳಿಯದ ವಿಷಯವಲ್ಲ. ಆದರೆ ಶಾಸ್ತ್ರಪ್ರವಚನಕ್ಕೆ ಒಂದು ಮಂಗಳಾಚರಣೆಯೆಂಬುದು ಇರಬೇಕಷ್ಟೆ.

ಐವತ್ತೈದು ದಾಟಿದ ವಯಸ್ಸು, ಮಡಿಕೆ ಕೆಡದ ಬಿಳಿಯ ಅಂಗಿ, ಅದರ ಜೇಬಿನಲ್ಲಿ ತಂಬಾಕು ಹರಾಜಿನ ಚೀಟಿ, ಎಡಗೈಯಲ್ಲಿ ಎಚ್.ಎಂ.ಟಿ. ಗಡಿಯಾರ. ಆ ಅಂಗಿಯ ಮೇಲೆ ಎಣ್ಣೆಯ ಕಲೆಯೊಂದೂ ಇಲ್ಲದಿರುವುದನ್ನು ಗಮನಿಸಬೇಕು. ಏಕೆಂದರೆ ಪಂಡಿತರು ಯಂತ್ರವನ್ನು ಮುಟ್ಟುವುದಿಲ್ಲ. ಸ್ಪ್ಯಾನರನ್ನು ಹಿಡಿಯುವುದು ಕೈಯ ಕೆಲಸ, ದೋಷವನ್ನು ಹೇಳುವುದು ವಿದ್ಯೆಯ ಕೆಲಸ. ಈ ಎರಡನ್ನೂ ಬೆರೆಸಿದವರಿಗೆ ಎರಡೂ ದಕ್ಕಲಿಲ್ಲವೆಂಬುದು ಅವರ ಸಿದ್ಧಾಂತ. ಅವರು ಮೂಗನ್ನು ತುಸು ಮುಂದಕ್ಕೆ ಚಾಚಿ, ಎರಡು ಸಲ ಉಸಿರೆಳೆದು, ಕಣ್ಣು ಮುಚ್ಚಿ, "ವಾಸ್ನೆ ಬತ್ತಾ ಅದೆ" ಎನ್ನುವರು. ಯಾವ ವಾಸನೆಯೆಂದು ಕೇಳುವ ಧೈರ್ಯ ಇದುವರೆಗೆ ಯಾರಿಗೂ ಬಂದಂತಿಲ್ಲ.

ಆ ಗಡಿಯಾರದ ವಿಷಯವಾಗಿ ಒಂದು ಮಾತು ಹೇಳಬೇಕು. ಕಾಯದೆ ಉಳುವ ಟ್ರಾಕ್ಟರು ಈ ಭೂಮಂಡಲದಲ್ಲಿ ಒಂದೇ ಒಂದು ಇದ್ದಿತು, ಅದು ಹಳೆಯ ಎಚ್.ಎಂ.ಟಿ., ಮತ್ತು ಅದು ಕಾಯದಿದ್ದುದಕ್ಕೆ ಕಾರಣ ಅದು ನಮ್ಮ ಬೆಂಗಳೂರಿನ ತಣ್ಣನೆಯ ಹವೆಯಲ್ಲಿ ಹುಟ್ಟಿದ್ದು ಎಂಬುದು ಪಂಡಿತರ ಅಚಲವಾದ ನಂಬಿಕೆ. ಗಡಿಯಾರವೇನೋ ಬೆಂಗಳೂರಿನದೇ, ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಅಲ್ಲಿ ಅದರ ಕಾರ್ಖಾನೆಯು ಆರಂಭವಾದುದು ನಿಜ. ಆದರೆ ಆ ಸಂಸ್ಥೆಯು ಟ್ರಾಕ್ಟರುಗಳನ್ನು ತಯಾರಿಸತೊಡಗಿದುದು 1971ರಲ್ಲಿ, ದೂರದ ಹರಿಯಾಣದ ಪಿಂಜೋರಿನಲ್ಲಿ, ಅದೂ ಚೆಕೋಸ್ಲೊವಾಕಿಯದ ಜೆಟೋರ್ ಸಹಯೋಗದಿಂದ. ಇದನ್ನು ಯಾರೋ ಮೇಷ್ಟರು ಒಮ್ಮೆ ವಿನಯದಿಂದಲೇ ನಿವೇದಿಸಿದಾಗ ಪಂಡಿತರು ಕನಿಕರದಿಂದ ನಕ್ಕು, ತಮ್ಮ ಗಡಿಯಾರವನ್ನು ಬಿಚ್ಚಿ ಅವರ ಕಿವಿಗೆ ಹಿಡಿದರಂತೆ. ಅದು ಟಿಕ್ ಟಿಕ್ ಎನ್ನುತ್ತಿದ್ದುದನ್ನು ಮೇಷ್ಟರು ಅಲ್ಲಗಳೆಯಲಾಗಲಿಲ್ಲ.

ಪಂಡಿತರಲ್ಲಿ ಸತ್ಯಾಂಶವೇ ಇಲ್ಲವೆಂದು ಹೇಳಿದರೆ ಅಪಚಾರವಾದೀತು. ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಕೂಡದೆಂದು ಅವರು ಗದರಿಸುವುದು ನೂರಕ್ಕೆ ನೂರು ಸರಿಯಾದ ಮಾತು. ಮುಚ್ಚಳದ ಸ್ಪ್ರಿಂಗು ಒಳಗಡೆ ಒತ್ತಡವನ್ನು ಹಿಡಿದಿಟ್ಟಿರುವುದರಿಂದ ನೀರು 100 ಡಿಗ್ರಿಯನ್ನು ದಾಟಿದರೂ ಕುದಿಯದೆ ತಡೆದುಕೊಂಡಿರುವುದು. ಮುಚ್ಚಳವನ್ನು ತಿರುಗಿಸಿದ ಕ್ಷಣವೇ ಅದು ಕುದಿದೆದ್ದು ತಿರುಗಿಸಿದವನ ಮುಖಕ್ಕೆ ಹಾರುವುದು. ಕಾದ ಇಂಜಿನ್ನಿಗೆ ತಣ್ಣೀರನ್ನು ಸುರಿದರೆ ಹೆಡ್ಡು ಬಿರಿಯುವುದೆಂಬುದನ್ನೂ ಅವರು ಬಲ್ಲರು. ಆದಕಾರಣ ಅರ್ಧ ಗಂಟೆಯಾದರೂ ಸುಮ್ಮನಿರಬೇಕೆಂದು ವಿಧಿಸಿ, ಎಚ್.ಎಂ.ಟಿ.ಯನ್ನು ನೋಡಿಕೊಂಡು, ಹುಣಸೆಮರದ ನೆರಳಿನಲ್ಲಿ ಕುಳಿತುಬಿಡುವರು. ಕುಳಿತುಬಿಡುವರೇ ಹೊರತು ಸುಮ್ಮನಿರುವರೆಂದು ತಿಳಿಯಬಾರದು. ಎದ್ದು ಹೋಗಲಾರದ ಶ್ರೋತೃವೊಬ್ಬನು ಅರ್ಧ ಗಂಟೆಯ ಕಾಲ ದೊರೆಯುವುದು ಇಡೀ ತಾಲ್ಲೂಕಿನಲ್ಲಿ ಈ ಒಂದು ಸಂದರ್ಭದಲ್ಲಿ ಮಾತ್ರ.

ಅವರ ಪರಮಾಸ್ತ್ರವೆಂದರೆ ಥರ್ಮೋಸ್ಟಾಟ್. ಇದು ಇಂಜಿನ್ನಿನ ನೀರಿನ ದಾರಿಯಲ್ಲಿ ಕುಳಿತಿರುವ ಪುಟ್ಟದೊಂದು ಕವಾಟ. ಇದರ ಒಳಗಿನ ಮೇಣವು ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗಿ ಹಿಗ್ಗಿದಾಗ ಬಾಗಿಲು ತೆರೆದು, ಬಿಸಿ ನೀರು ರೇಡಿಯೇಟರಿಗೆ ಹರಿಯುವುದು. ಕೆಟ್ಟು ಮುಚ್ಚಿಕೊಂಡೇ ಉಳಿದರೆ ಇಂಜಿನ್ನು ಕಾಯುವುದು ಸಹಜ. ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ತಿಳಿಯಬೇಕಾದರೆ ಅದನ್ನು ದಾರಕ್ಕೆ ಕಟ್ಟಿ ಕಾಯುತ್ತಿರುವ ನೀರಿನ ಪಾತ್ರೆಗೆ ಇಳಿಬಿಟ್ಟು ನೋಡಿದರೆ ಸಾಕು. ಪಂಡಿತರಿಗೆ ಈ ಪರೀಕ್ಷೆಯ ಗೊಡವೆಯಿಲ್ಲ. "ಕಿತ್ತಾಕ್ಸು" ಎಂಬ ಒಂದೇ ತೀರ್ಪು. ಅದಿಲ್ಲದ ಇಂಜಿನ್ನು ಎಂದಿಗೂ ಹದವಾಗಿ ಬಿಸಿಯೇರದೆ, ಡೀಸಲ್ಲು ಪೂರ್ತಿಯಾಗಿ ಉರಿಯದೆ, ಸಿಲಿಂಡರುಗಳು ಬೇಗ ಸವೆಯುವುವೆಂದು ಯಾರಾದರೂ ಹೇಳಹೊರಟರೆ, "ಬಿಸಿ ಆದ್ರೂ ಬೈತೀರಿ, ತಣ್ಗಿದ್ರೂ ಬೈತೀರಿ" ಎಂದು ಬಾಯಿ ಮುಚ್ಚಿಸುವರು. ಹೀಗೆ ಕೀಳಿಸಿದ ಥರ್ಮೋಸ್ಟಾಟುಗಳ ಸರವೊಂದು ಅವರ ಮನೆಯ ಕೊಟ್ಟಿಗೆಯಲ್ಲಿ ತೂಗುತ್ತಿದೆಯೆಂಬ ಪ್ರತೀತಿಯುಂಟು, ನಾನು ಕಂಡಿಲ್ಲ.

ಆದರೆ ನನ್ನ ಆಶ್ಚರ್ಯವಿರುವುದು ಬೇರೆ ಕಡೆಯಲ್ಲಿ. ಈ ಮನುಷ್ಯರು ಉಷ್ಣವನ್ನು ಅರಿಯದವರೇ? ತಂಬಾಕು ಬೇಯಿಸುವ ಕಾಲದಲ್ಲಿ ಇವರನ್ನು ಇವರ ಬ್ಯಾರನ್ನಿನ ಮುಂದೆ ನೋಡಬೇಕು. ಎಲೆಯು ಹಳದಿಗೆ ತಿರುಗುವವರೆಗೆ 100 ಡಿಗ್ರಿ ಫ್ಯಾರನ್‌ಹೀಟಿನ ಹತ್ತಿರದಲ್ಲಿ ನಿಲ್ಲಿಸಿ, ಬಳಿಕ ಮೇಲಿನ ಕೆಳಗಿನ ಗಾಳಿಕಿಂಡಿಗಳನ್ನು ತೆರೆದು ತೇವವನ್ನು ಹೊರಕ್ಕೆ ಕಳುಹಿಸಿ, ಮೆಲ್ಲಮೆಲ್ಲನೆ ಏರಿಸುತ್ತ, ಕಡೆಗೆ ಎಲೆಯ ನಡುದಿಂಡು ಒಣಗುವ ಹೊತ್ತಿಗೆ 160ಕ್ಕೆ ಮುಟ್ಟಿಸುವ ಆ ವಿದ್ಯೆಯಲ್ಲಿ ಇವರನ್ನು ಸರಿಗಟ್ಟುವವರು ವಿರಳ. ಮಧ್ಯರಾತ್ರಿಯಲ್ಲಿ ಕಂಬಳಿ ಹೊದೆದು ಎದ್ದು ಬಂದು, ಕಿಂಡಿಗೆ ಟಾರ್ಚು ಹಿಡಿದು, ಥರ್ಮಾಮೀಟರಿನ ಪಾದರಸವು ಎರಡು ಗೆರೆ ಮೇಲೇರಿದ್ದರೆ ಒಲೆಯ ಸೌದೆಯೊಂದನ್ನು ಹಿಂದಕ್ಕೆಳೆಯುವರು. ಇಳಿದಿದ್ದರೆ ಮುಂದಕ್ಕೆ ತಳ್ಳುವರು. ಅವಸರಪಟ್ಟರೆ ಎಲೆ ಕಪ್ಪಾಗುವುದು, ಕಪ್ಪಾದ ಎಲೆಗೆ ಹರಾಜು ಕಟ್ಟೆಯಲ್ಲಿ ಬೆಲೆಯಿಲ್ಲ. ಇಷ್ಟನ್ನು ಬಲ್ಲವರು ಟ್ರಾಕ್ಟರಿನ ಪೀಠವನ್ನೇರಿದೊಡನೆ ಕಣ್ಣೆದುರಿಗೇ ಇರುವ ಉಷ್ಣಮಾಪಕದ ಮುಳ್ಳನ್ನು ನೋಡುವುದಿಲ್ಲ. ಅದರ ಗಾಜಿನ ಮೇಲೆ ದೇವರ ಪಟವನ್ನು ಅಂಟಿಸಿಕೊಂಡವರನ್ನೂ ನಾನು ಬಲ್ಲೆ.

ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವು ಕಾಣುವಷ್ಟು ದೂರದ ಒಂದು ಕಣದಲ್ಲಿ ರಾಗಿಯ ಒಕ್ಕಣೆ ನಡೆದಿದ್ದಿತು. ಒಕ್ಕಣೆ ಯಂತ್ರಕ್ಕೆ ಶಾಫ್ಟು ಕೊಟ್ಟು ನಿಂತಲ್ಲೇ ದುಡಿಯುವ ಟ್ರಾಕ್ಟರಿಗೆ ಎದುರುಗಾಳಿಯ ಉಪಕಾರವಿಲ್ಲ. ಫ್ಯಾನು ಎಳೆದುಕೊಂಡಷ್ಟೇ ಗಾಳಿ. ಆ ಫ್ಯಾನಾದರೋ ಗಾಳಿಯನ್ನು ಮಾತ್ರ ಆರಿಸಿಕೊಳ್ಳುವ ವಿವೇಕವಿಲ್ಲದೆ, ಕಣದಲ್ಲೆಲ್ಲ ಹಾರಾಡುವ ಹೊಟ್ಟನ್ನೂ ಸುಂಕನ್ನೂ ಸಮದೃಷ್ಟಿಯಿಂದ ಸೆಳೆದುಕೊಳ್ಳುವುದು. ಮಧ್ಯಾಹ್ನದ ಹೊತ್ತಿಗೆ ಇಂಜಿನ್ನು ಕುದಿದು ನಿಂತಿತು. ಮೆದೆಯಲ್ಲಿ ಇನ್ನೂ ಅರ್ಧ ಉಳಿದಿದೆ, ಆಳುಗಳು ಬೀಡಿ ಹಚ್ಚಿದ್ದಾರೆ, ಆಕಾಶದಲ್ಲಿ ಅಕಾಲದ ಮೋಡ. ಮಾಲೀಕನು ತಲೆಯ ಮೇಲೆ ಕೈ ಹೊತ್ತುಕೊಂಡಿದ್ದಾನೆ. ಆಗ ಮೊಪೆಡ್ಡು ಬಂದಿತು.

ಆ ಅಪರಾಹ್ಣದಲ್ಲಿ ಪಂಡಿತರ ಪಾಂಡಿತ್ಯವು ಹರಿದ ಪರಿಯನ್ನು ಪೂರ್ತಿಯಾಗಿ ವರ್ಣಿಸಲು ನಾನು ಶಕ್ತನಲ್ಲ. ಮೊದಲು ಥರ್ಮೋಸ್ಟಾಟ್, ಅದನ್ನು ಹೋದ ವರ್ಷವೇ ತಾವೇ ಕೀಳಿಸಿದ್ದೀರೆಂದು ಮಾಲೀಕನು ನೆನಪಿಸಿದನು. ಹಾಗಾದರೆ ಬೋರಿನ ಗಡಸು ನೀರು, ಒಳಗೆಲ್ಲ ಸುಣ್ಣ ಕಟ್ಟಿದೆ. ಇವನು ಹಾಕಿದ್ದುದು ಬಣ್ಣದ ಕೂಲೆಂಟು. ಹಾಗಾದರೆ ಬೆಲ್ಟು ಸಡಿಲ; ಒತ್ತಿ ನೋಡಿದರೆ ಹೆಬ್ಬೆರಳಿಗೆ ಅರ್ಧ ಇಂಚಿನಷ್ಟೇ ಬಗ್ಗಿತು, ಬಗ್ಗಬೇಕಾದುದೂ ಅಷ್ಟೇ. ಹಾಗಾದರೆ ಪಂಪಿನ ಟೈಮಿಂಗು ತಪ್ಪಿದೆ. ಹೀಗೆ ಒಂದೊಂದು ಬಾಗಿಲೂ ಮುಚ್ಚಿಹೋದಂತೆ ಪಂಡಿತರ ಧ್ವನಿಯು ಗಂಭೀರವಾಗುತ್ತ ಬಂದು, ಕಟ್ಟಕಡೆಗೆ, "ಹೆಡ್ ಗ್ಯಾಸ್ಕೆಟ್ ಹೋಗದೆ ಕಣಪ್ಪ, ಹೆಡ್ ಇಳಿಸ್ದೆ ವಿಧಿಯಿಲ್ಲ" ಎಂಬ ಘೋಷಣೆಯಾಯಿತು. ಗ್ಯಾಸ್ಕೆಟ್ಟು ಹೋಗಿದ್ದರೆ ರೇಡಿಯೇಟರಿನ ನೀರಿನಲ್ಲಿ ಗುಳ್ಳೆಗಳೇಳುವುವು, ಎಣ್ಣೆಯು ಹಾಲಿನ ಬಣ್ಣಕ್ಕೆ ತಿರುಗುವುದು. ಇವೆರಡರಲ್ಲಿ ಒಂದೂ ಇರಲಿಲ್ಲ. ಆದರೂ ಮಾಲೀಕನು ಹಣವನ್ನು ಲೆಕ್ಕ ಹಾಕತೊಡಗಿದ್ದನು. ದೊಡ್ಡ ದೋಷವೆಂದು ಹೇಳುವವರ ಮಾತಿಗೆ ಒಂದು ತೂಕವಿರುತ್ತದೆ.

ಅಷ್ಟರಲ್ಲಿ ಪಟ್ಟಣದ ಗ್ಯಾರೇಜಿನಿಂದ ಇಪ್ಪತ್ತರ ಹರೆಯದ ಹುಡುಗನೊಬ್ಬನು ಬಂದನು. ಅವನು ಯಾರನ್ನೂ ಏನನ್ನೂ ಕೇಳಲಿಲ್ಲ, ಮೂಸಲೂ ಇಲ್ಲ. ರೇಡಿಯೇಟರಿನ ಮುಂದಿನ ಜಾಲರಿಯನ್ನು ಮೇಲಕ್ಕೆ ಸೆಳೆದು ಬೆರಳಿನ ಉಗುರಿನಿಂದ ಒಂದು ಮೂಲೆಯನ್ನು ಎಬ್ಬಿಸಿದನು. ಹೊಟ್ಟು, ಸುಂಕು, ಧೂಳು, ಸೋರಿದ ಎಣ್ಣೆಯ ಪಸೆ ಎಲ್ಲವೂ ಸೇರಿ ಹಾಸುಗಂಬಳಿಯಂತೆ ಒಂದೇ ತುಂಡಾಗಿ ಎದ್ದು ಬಂದಿತು. ಅದರ ಹಿಂದೆ ರೇಡಿಯೇಟರಿನ ರೆಕ್ಕೆಗಳ ಸಂದಿಗಳೆಲ್ಲ ಹೂತುಹೋಗಿದ್ದುವು. ತಂಬಾಕಿಗೆ ಔಷಧ ಹೊಡೆಯುವ, ಬೆನ್ನಿಗೇರಿಸುವ ಪೆಟ್ರೋಲ್ ಯಂತ್ರವನ್ನು ತರಿಸಿ, ಬರಿದಾದ ಅದರ ಕೊಳವೆಯನ್ನು ಫ್ಯಾನಿನ ಕಡೆಯಿಂದ ಮುಂದಕ್ಕೆ, ಎಂದರೆ ಹೊಟ್ಟು ಬಂದ ದಾರಿಯಲ್ಲೇ ಅದನ್ನು ಹಿಂದಕ್ಕೆ ಕಳುಹಿಸುವಂತೆ ಹಿಡಿದು ಗಾಳಿಯನ್ನು ಬಿಟ್ಟನು. ಎದುರಿನಲ್ಲಿ ನಿಂತಿದ್ದವರು ಪಂಡಿತರು. ಆ ಬಿಳಿಯ ಅಂಗಿಯು ಕಣ್ಣಮುಂದೆಯೇ ರಾಗಿಯ ಬಣ್ಣಕ್ಕೆ ತಿರುಗಿತು.

ಇಂಜಿನ್ನು ತಣಿದು, ನೀರು ತುಂಬಿಸಿ, ಒಕ್ಕಣೆ ಮತ್ತೆ ಹೊರಟಾಗ ಮುಳ್ಳು ಅಲ್ಲಾಡಲಿಲ್ಲ. ಪಂಡಿತರು ಟವಲಿನಿಂದ ಮುಖವನ್ನು ಒರಸಿಕೊಂಡು, ಸುತ್ತಲಿದ್ದವರನ್ನೆಲ್ಲ ಒಂದು ಸಲ ನೋಡಿ, "ಗಾಳಿ! ಬಂದಾಗ್ಲೇ ಅಂದೆ, ಗಾಳಿ ಆಡ್ತಾ ಇಲ್ಲ ಅಂತ" ಎಂದರು. ಅವರು ಅಂದುದನ್ನು ಕೇಳಿದವರಿರಲಿಲ್ಲ. ಆದರೆ ಅಲ್ಲವೆನ್ನುವಷ್ಟು ಪುರಸೊತ್ತೂ ಯಾರಿಗೂ ಇರಲಿಲ್ಲ.

ಅಂದಿನಿಂದ ಥರ್ಮೋಸ್ಟಾಟುಗಳಿಗೆ ಈ ಹೋಬಳಿಯಲ್ಲಿ ಅಭಯ ದೊರೆಯಿತು. ಈಗ ಪಂಡಿತರದು ವಾಯುಮತ. ಈಚೆಗೆ ಕಂಪಲಾಪುರದ ಹರಾಜು ಕಟ್ಟೆಗೆ ತಂಬಾಕಿನ ಬೇಲುಗಳನ್ನು ಹೇರಿಕೊಂಡು ಹೊರಟಿದ್ದ ಟ್ರಾಕ್ಟರೊಂದು ಡೀಸಲ್ಲು ಮುಗಿದು ದಾರಿಯಲ್ಲಿ ನಿಂತಿದ್ದಿತು. ಟ್ಯಾಂಕು ಪೂರ್ತಿ ಬರಿದಾಗಿ ಕೊಳವೆಗಳೊಳಕ್ಕೆ ಗಾಳಿ ಹೊಕ್ಕರೆ, ಆಮೇಲೆ ಎಷ್ಟು ಡೀಸಲ್ಲು ಸುರಿದರೂ, ಆ ಗಾಳಿ ಹೊರಬೀಳುವವರೆಗೆ ಇಂಜಿನ್ನು ಹೊತ್ತಿಕೊಳ್ಳದು. ಡ್ರೈವರನು ಫಿಲ್ಟರಿನ ತಲೆಯ ಬೋಲ್ಟನ್ನು ಸಡಿಲಿಸಿ, ಕೈಪಂಪನ್ನು ಒತ್ತೊತ್ತಿ, ನೊರೆನೊರೆಯಾಗಿ ಉಕ್ಕುವ ಡೀಸಲ್ಲಿನಲ್ಲಿ ಗುಳ್ಳೆಗಳು ನಿಲ್ಲುವುದನ್ನೇ ನೋಡುತ್ತಿದ್ದನು. ಹಿಂದೆ ಮೊಪೆಡ್ಡು ನಿಂತಿತು.

"ಏನ್ಲಾ, ಗಾಳಿ ಹೊಡ್ಸಿದ್ಯಾ?"

"ಗಾಳಿ ತೆಗೀತಾ ಇವ್ನಿ ಕಣ್ ಸ್ವಾಮಿ" ಎಂದನು ಡ್ರೈವರು, ತಲೆಯೆತ್ತದೆ.

ಪಂಡಿತರು ಕ್ಷಣಕಾಲ ಯೋಚಿಸಿದರು, ಎಚ್.ಎಂ.ಟಿ.ಯನ್ನೊಮ್ಮೆ ನೋಡಿಕೊಂಡರು.

"ತೆಗಿ, ತೆಗಿ. ತೆಗೆದಾದ್ಮೇಲೆ ಹೊಡ್ಸು."