ಕೆಸರು ಹುಡುಕಿಕೊಂಡು ಹೊರಟವರು

ಒಂದು ಮಾತು ಕೇಳ್ತೀನಿ, ಮನೆಯವರು ಹತ್ತಿರ ಇಲ್ಲ ತಾನೆ? ನಿಮ್ಮ ಗಾಡಿಯ ಫೋರ್ ವೀಲ್ ಲೀವರನ್ನ ಕೊನೇ ಸಲ ಎಳೆದಿದ್ದು ಯಾವಾಗ? ಶೋರೂಮಿನ ಹುಡುಗ ತೋರಿಸಿಕೊಟ್ಟ ದಿನ ಬಿಟ್ಟು ಹೇಳಿ. (ಚೌತಿ ಹಬ್ಬಕ್ಕೆ ಬಂದ ಭಾವನ ಎದುರು ಅಂಗಳದಲ್ಲಿ ನಿಲ್ಲಿಸಿಕೊಂಡೇ ಎಳೆದಿದ್ದೂ ಲೆಕ್ಕಕ್ಕಿಲ್ಲ.)

ನಾಚಿಕೆ ಬೇಡ ಮಾರಾಯ್ರೆ, ನಾನೂ ಅದೇ ಪೈಕಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ಕಡೆ ನಮ್ಮದೀಗ ಒಂದು ಪಂಗಡವೇ ಇದೆ. ಗುರುತು ಹಿಡಿಯೋದು ಸುಲಭ. ಭಾನುವಾರ ಮೆತ್ತಿಕೊಂಡ ಕೆಸರನ್ನ ಗುರುವಾರದ ತನಕ ತೊಳೆಯೋದಿಲ್ಲ. ಪೇಟೆಗೆ ಕೊತ್ತಂಬರಿ ಸೊಪ್ಪು ತರೋಕೆ ಹೋದರೂ ಅದೇ ಕೆಸರಲ್ಲಿ ಹೋಗಿ, ಬಸ್ ಸ್ಟ್ಯಾಂಡ್ ಎದುರಿಗೇ ನಿಲ್ಲಿಸ್ತೀವಿ. ಯಾರಾದ್ರೂ "ಎಲ್ಲಿಗೆ ಹೋಗಿದ್ರಿ?" ಅಂತ ಕೇಳಬೇಕಲ್ಲ!

ನಮ್ಮಜ್ಜ ಮನೆ ತನಕ ರಸ್ತೆ ಬೇಕು ಅಂತ ಅರ್ಜಿ ಬರೆದೂ ಬರೆದೂ ಸವೆದರು. ಮಳೆಗಾಲದಲ್ಲಿ ಯಾರಿಗಾದ್ರೂ ಹುಷಾರು ತಪ್ಪಿದರೆ ಕಂಬಳಿ ಕಟ್ಟಿ ಹೊತ್ತುಕೊಂಡೇ ಟಾರು ರಸ್ತೆ ಮುಟ್ಟಿಸಬೇಕಿತ್ತು. ಅಪ್ಪನ ಕಾಲಕ್ಕೆ ಜಲ್ಲಿ ಬಿತ್ತು. ನನ್ನ ಕಾಲಕ್ಕೆ ಕಾಂಕ್ರೀಟೇ ಆಯ್ತು. ಕಾಂಕ್ರೀಟು ಒಣಗಿದ ಮರುವರ್ಷವೇ ನಾನು ಫೋರ್ ವೀಲ್ ಗಾಡಿ ತಂದೆ. (ಅಜ್ಜನ ಫೋಟೋ ಜಗುಲಿಯಲ್ಲಿದೆ. ಗಾಡಿ ಹೊರಡಿಸುವಾಗ ಆ ಕಡೆ ನೋಡೋದಿಲ್ಲ.)

ಹಾಗಂತ ಮಲೆನಾಡಿಗೆ ಜೀಪು ಹೊಸದಾ? 1941ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂತ ಹುಟ್ಟಿದ ವಿಲ್ಲೀಸ್ ಜೀಪನ್ನ 1947ರಲ್ಲಿ ಮಹೀಂದ್ರದವರು ನಮ್ಮ ದೇಶದಲ್ಲಿ ಜೋಡಿಸೋಕೆ ಶುರು ಮಾಡಿದರು. ಯುದ್ಧಕ್ಕೆ ಅಂತ ಮಾಡಿದ ಗಾಡಿ ನಮ್ಮಲ್ಲಿ ಹೊತ್ತಿದ್ದು ಗೊಬ್ಬರ, ಅಡಿಕೆ ಮೂಟೆ, ಬಾಣಂತಿ, ದಿಬ್ಬಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುತ್ತೆ. ಆ ಮಳೆಯಲ್ಲಿ ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನು ಸುತ್ತಿ ಹತ್ತಿಸುತ್ತಿದ್ದರು. ಅದಕ್ಕೆ ಆಫ್‌ರೋಡು ಅಂತ ಯಾರೂ ಅನ್ನಲಿಲ್ಲ. ರೋಡೇ ಇಲ್ಲದಿದ್ದ ಮೇಲೆ ಆಫ್ ಎಲ್ಲಿಂದ ಬರಬೇಕು?

ಈಗಲೂ ಕೊಡಚಾದ್ರಿಗೆ ಹೋಗಿ ನೋಡಿ. 1,343 ಮೀಟರ್ ಎತ್ತರದ ಗುಡ್ಡ. ಬಾಡಿಗೆ ಜೀಪಿನ ಡ್ರೈವರ್ ಜನ ತುಂಬಿಕೊಂಡು, ಬಂಡೆಯಿಂದ ಬಂಡೆಗೆ ಗಾಡಿ ಇಳಿಸುತ್ತಾ, ನಡುನಡುವೆ ಕವಳದ ಚಂಚಿ ಬಿಚ್ಚುತ್ತಾನೆ. ಅವನ ಜೀಪಿಗೆ ಸ್ನಾರ್ಕಲ್ ಇಲ್ಲ, ಸ್ಟಿಕ್ಕರ್ ಇಲ್ಲ. ಕಾಲಿಗೆ ಹವಾಯಿ ಚಪ್ಪಲಿ. ನೀವು ಹಿಂದಿನ ಸೀಟಿನಲ್ಲಿ ಎರಡೂ ಕೈಯಲ್ಲಿ ಕಂಬಿ ಹಿಡಿದು, "ನನ್ನ ಗಾಡಿ ಆಗಿದ್ರೆ ಆರಾಮಾಗಿ ಹತ್ತಿಬಿಡ್ತಿತ್ತು" ಅಂತ ಪಕ್ಕದವರಿಗೆ ಹೇಳಿದ್ದು ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ?

ಇನ್ನು ಗಾಡಿ ರೆಡಿ ಮಾಡಿಸೋ ಕಥೆ. ನಂದು ಹಳೇ ಜಿಪ್ಸಿ. ಮಾರುತಿಯವರು 1985ರಲ್ಲಿ ತಂದ ಗಾಡಿ, ಸೈನ್ಯದವರ ಅಚ್ಚುಮೆಚ್ಚು. ಮಿಲಿಟರಿ ಹರಾಜಿನದ್ದು ಮೂರು ಕೈ ದಾಟಿ ನನ್ನ ಕೈಗೆ ಬಂತು. ಮನೆಗೆ ತಂದು ಮ್ಯಾಟು ಎತ್ತಿದರೆ ತುಕ್ಕಿನ ತೂತಿನಲ್ಲಿ ಅಂಗಳದ ಸಗಣಿ ಕಾಣ್ತಾ ಇತ್ತು. ಮೇಸ್ತ್ರಿ "ಒಂದು ವಾರ ಬಿಡಿ" ಅಂದ. ಬಿಟ್ಟಾಗ ಅಡಿಕೆ ಹಿಂಗಾರ, ವಾಪಸ್ ಬಂದಾಗ ಕೊಯ್ಲು.

ಅಷ್ಟರಲ್ಲಿ ಖರ್ಚು? ತೋಟಕ್ಕೆ ಎಲೆಚುಕ್ಕಿ ರೋಗದ ಔಷಧಿ ಹೊಡೆಸಬೇಕು ಅಂತ ಇಟ್ಟ ದುಡ್ಡು ಟೈರಿಗೆ ಹೋಯ್ತು. ಮನೆಯಲ್ಲಿ ಕೇಳಿದ್ದಕ್ಕೆ "ಗೊತ್ತಿದ್ದವರು, ಹಳೇ ಟೈರು, ಪುಕ್ಕಟೆ ಅಂತಲೇ ಇಟ್ಕೊ" ಅಂದೆ. ಟೈರಿನ ಮೈಮೇಲಿನ ರಬ್ಬರ್ ಕೂದಲು ಇನ್ನೂ ಉದುರಿರಲಿಲ್ಲ. ಅವಳು ನೋಡಿದಳು, ಏನೂ ಅನ್ನಲಿಲ್ಲ. ಮರುವಾರ ಅವಳಿಗೂ "ಪುಕ್ಕಟೆ" ಒಂದು ಸೀರೆ ಬಂತು. (ನಿಮ್ಮನೇಲಿ ಟೈರಿಗೆ ಎಷ್ಟು ಸೀರೆ ಲೆಕ್ಕ?)

ದೊಡ್ಡ ಟೈರು ಹಾಕಿದಿರೋ, ಮೀಟರು ಸುಳ್ಳು ಹೇಳೋಕೆ ಶುರು. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತಲ್ಲ, ಮುಳ್ಳು 60 ತೋರಿಸುವಾಗ ಗಾಡಿ ಅದಕ್ಕಿಂತ ಜೋರಾಗೇ ಇರುತ್ತೆ. ಕ್ಲಚ್ಚಿಗೆ ಭಾರ, ಬ್ರೇಕಿಗೂ ಭಾರ. ಆಮೇಲೆ ಮುಂದೆ ಆ ಕಬ್ಬಿಣದ ಕಟಾಂಜನ ಬೇರೆ! 2017ರ ಡಿಸೆಂಬರಿನಲ್ಲೇ ಕೇಂದ್ರದವರು ಅದನ್ನ ತೆಗೆಸಿ ಅಂತ ರಾಜ್ಯಗಳಿಗೆ ಬರೆದಾಗಿದೆ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ನು ಓದಿದರೆ ನಮ್ಮ ಅರ್ಧ ಗಾಡಿ ಬಿಚ್ಚಿಡಬೇಕಾಗುತ್ತೆ. ಅದಕ್ಕೇ ನಾವ್ಯಾರೂ ಅದನ್ನ ಓದೋದಿಲ್ಲ.

ಸರಿ, ಗಾಡಿ ಆಯ್ತು. ಕೆಸರೆಲ್ಲಿ? ಕಾಡಿಗೆ ನುಗ್ಗುವ ಹಾಗಿಲ್ಲ. ಕೊಡಚಾದ್ರಿ ಸುತ್ತ ಮೂಕಾಂಬಿಕಾ ಅಭಯಾರಣ್ಯ, ನುಗ್ಗಿದರೆ ಕೇಸು. ನುಗ್ಗಲೂಬಾರದು ಬಿಡಿ, ಹಳ್ಳದಲ್ಲಿ ಗಾಡಿ ಹೊಡೆದು ಕಲಕಿದ ನೀರೇ ಕೆಳಗಿನ ಮನೆಯ ಕೊಡಕ್ಕೆ ಬರೋದು. ಉಳಿದಿದ್ದು ನೆಟ್ಟಿ ನಿಲ್ಲಿಸಿದ ಹಡಿಲು ಗದ್ದೆ. ಅಪ್ಪಂದಿರು ಲುಕ್ಸಾನು ಅಂತ ಬಿಟ್ಟ ಗದ್ದೆಗೆ ಮಕ್ಕಳು ಡೀಸೆಲ್ ಸುಟ್ಟು ಇಳೀತಾರೆ. (ಕೋಣ ಇಲ್ಲದ ಕಂಬಳ.)

ನಾನೂ ಇಳಿದೆ. ಆಷಾಢದ ಮಳೆ, ಕಾಲ ತುಂಬ ಉಂಬಳ. ಮಾರು ದೂರ ಹೋಗೋದ್ರೊಳಗೆ ಹಿಂದಿನ ಚಕ್ರ ಹೂತಿತು. ಧೈರ್ಯವಾಗಿ ಲೀವರ್ ಎಳೆದೆ, ಲೋ ಗೇರ್ ಹಾಕಿದೆ, ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಬೊಬ್ಬೆ ಹೊಡೆಯಿತೇ ಹೊರತು ಗಾಡಿ ಇನ್ನೂ ಒಂದು ಗೇಣು ಇಳೀತು. ಟೈರಿನ ಗಾಳಿ ಇಳಿಸಿದೆ, ಕಲ್ಲು ಕೊಟ್ಟೆ, ಸೊಪ್ಪು ಕೊಟ್ಟೆ. ಕೊನೆಗೆ ಡಿಕ್ಕಿಯಿಂದ ಹೊಸ ಹಗ್ಗ ತೆಗೆದೆ. ಕಿತ್ತಳೆ ಬಣ್ಣದ್ದು, ಆನ್‌ಲೈನಲ್ಲಿ ತರಿಸಿದ್ದು, ಎಷ್ಟು ಟನ್ ಎಳೆಯುತ್ತೆ ಅಂತ ಮೇಲೇ ಬರೆದಿದೆ.

ಅಷ್ಟೊತ್ತಿಗೆ ಸೊಪ್ಪಿನ ಹೊರೆ ತುಂಬಿದ ಹಳೇ ಜೀಪೊಂದು ಏರಿಯ ಮೇಲೆ ಬಂದು ನಿಂತಿತು. ಎಪ್ಪತ್ತು ದಾಟಿದ ಯಜಮಾನರು ಕಂಬಳಿಕೊಪ್ಪೆ ಸರಿಸಿ ಇಳಿದರು. ಹಗ್ಗ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಸೀದಾ ಮುಂದಿನ ಚಕ್ರದ ಹತ್ತಿರ ಬಗ್ಗಿ, ನಡುವೆ ಮೆತ್ತಿದ್ದ ಕೆಸರನ್ನ ಹೆಬ್ಬೆರಳಲ್ಲಿ ಒರೆಸಿದರು. "ಹಬ್ ಲಾಕ್ ಮಾಡಿದ್ಯನಾ?"

ಇಲ್ಲ! ಜಿಪ್ಸಿಯಲ್ಲಿ ಲೀವರ್ ಎಳೆದರೆ ಸಾಲದು, ಕೆಳಗಿಳಿದು ಮುಂದಿನ ಎರಡೂ ಚಕ್ರದ ಹಬ್ಬಿನ ಗುಂಡಿಯನ್ನ ಕೈಯಾರೆ ಲಾಕಿಗೆ ತಿರುಗಿಸಬೇಕು. ಇಲ್ಲದಿದ್ದರೆ ಇಂಜಿನ್ನಿನ ಶಕ್ತಿ ಮುಂದಿನ ಚಕ್ರಕ್ಕೆ ಮುಟ್ಟೋದೇ ಇಲ್ಲ. ನಾನು ಅಲ್ಲಿವರೆಗೆ ಸ್ಟಿಕ್ಕರ್ ಹಚ್ಚಿದ ಟೂ ವೀಲ್ ಗಾಡಿ ಓಡಿಸ್ತಾ ಇದ್ದೆ. ಅವರು ಎರಡು ಕಡೆಯೂ ತಿರುಗಿಸಿ, "ಹ್ಞಾ, ಈಗ ನಿಧಾನಕ್ಕೆ ಬಿಡು" ಅಂದರು. ಗಾಡಿ ಕೊಟ್ಟಿಗೆಗೆ ಹೋಗೋ ದನದ ಹಾಗೆ ಎದ್ದು ಬಂತು.

ಮನೆಗೆ ಬಂದವನು ಫೋಟೋ ಹಾಕಿ "ಟಫ್ ಟ್ರೇಲ್" ಅಂತ ಬರೆದೆ. ಹಬ್ಬಿನ ಸುದ್ದಿ ಬರೀಲಿಲ್ಲ. ನೀವಾದ್ರೂ ಬರೀತಿದ್ರಾ?

ರಸ್ತೆ ಆದಮೇಲೆ ಕೆಸರು ಹುಡುಕಿಕೊಂಡು ಹೊರಟ ಹಾಗೇ ಸಿಗಂದೂರಿನ ಲಾಂಚಿನ ಕಥೆಯೂ ಆಯ್ತು ನೋಡಿ. ಲಿಂಗನಮಕ್ಕಿ ಹಿನ್ನೀರಿನ ಆಚೆಯವರು ಸೇತುವೆ ಬೇಕು ಅಂತ ದಶಕಗಟ್ಟಲೆ ಕೂಗಿದರು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಯ್ತು. ಲಾಂಚಿನ ಕ್ಯೂನಲ್ಲಿ ಬಿಸಿಲಿಗೆ ಶಾಪ ಹಾಕುತ್ತಾ ನಿಂತಿದ್ದ ನಾವೇ ಈಗ ಸೇತುವೆ ಮೇಲೆ ಗಾಡಿ ನಿಲ್ಲಿಸಿ, "ಲಾಂಚಿನ ಮಜಾನೇ ಬೇರೆ ಇತ್ತು" ಅಂತೀವಿ. ದಿನಾ ದಾಟಬೇಕಾದ ಆಚೆ ದಡದವರು ಹಾಗಂದಿದ್ದು ಮಾತ್ರ ನಾನು ಕೇಳಿಲ್ಲ.

ಅಂದ ಹಾಗೆ, ಬರೋ ಭಾನುವಾರ ಮತ್ತೆ ಗದ್ದೆಗೆ ಇಳೀತಾ ಇದೀವಿ. ನೀವೂ ಬನ್ನಿ. ಮನೆಯಲ್ಲಿ ಸೊಸೈಟಿ ಮೀಟಿಂಗ್ ಅಂತ ಹೇಳಿ. ಬರುವಾಗ ಒಂದು ಹಗ್ಗ ತನ್ನಿ. ಯಜಮಾನರು ಅವತ್ತು ಹೊರಡುವಾಗ "ಹಂಗಾರೆ ಇದು ನಿಂಗೆ ಬೇಕಾಗದಿಲ್ಲಲ" ಅಂತ ನನ್ನ ಕಿತ್ತಳೆ ಹಗ್ಗ ಒಯ್ದರು. ಈಗ ಅದು ಅವರ ಎಮ್ಮೆ ಕುತ್ತಿಗೆಯಲ್ಲಿದೆ.